ಮಗಳಿಗೆ ಹೆಲಿಕಾಪ್ಟರ್ ಪೈಲಟ್ ಆಗಬೇಕಂತೆ: ಸಮುದ್ರದ ಕೆಲಸ, ರಕ್ಷಣೆಯ ಕೆಲಸ ನಿಜವಾಗಿ ಸಿಗುತ್ತಾ?

ತೋಟದಮನೆ_ಸಿರ್ಸಿ

ಎಲ್ಲರಿಗೂ ನಮಸ್ಕಾರ. ಸಿರ್ಸಿ ಹತ್ತಿರ ನಮ್ಮದು ಸಣ್ಣ ಅಡಿಕೆ ತೋಟ. ಮಗಳು ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಸಿಇಟಿಯಲ್ಲಿ ತಕ್ಕಮಟ್ಟಿಗೆ ರ‍್ಯಾಂಕ್ ಬಂದಿದೆ, ಇಂಜಿನಿಯರಿಂಗ್ ಸೀಟಿಗೆ ತೊಂದರೆ ಇಲ್ಲ. ಅವಳಿಗೆ ಅದು ಬೇಡ. ಹೆಲಿಕಾಪ್ಟರ್ ಹಾರಿಸಬೇಕು, ಅದೂ ಸಮುದ್ರದ ಮೇಲೆ. ತೈಲದ ರಿಗ್‌ಗಳಿಗೆ ಜನರನ್ನು ಒಯ್ಯುವ ಕೆಲಸ, ಇಲ್ಲವೇ ಮುಳುಗುವವರನ್ನು ಹಗ್ಗ ಇಳಿಸಿ ಎತ್ತುವ ಕೆಲಸ, ಇವೆರಡರಲ್ಲಿ ಒಂದು ಬೇಕಂತೆ. ವಿಡಿಯೋ ನೋಡಿ ನೋಡಿ ಹೆಲಿಕಾಪ್ಟರ್ ಹೆಸರೆಲ್ಲ ಬಾಯಿಪಾಠ ಆಗಿದೆ.

ಬೆಂಗಳೂರಿನಲ್ಲಿ ಒಬ್ಬ ಏಜೆಂಟ್ ಹತ್ತಿರ ಹೋಗಿದ್ದೆವು. ಅಮೆರಿಕದಲ್ಲಿ ತರಬೇತಿ, ವಾಪಸ್ ಬಂದು ಲೈಸೆನ್ಸ್ ಬದಲಾವಣೆ, ಎಲ್ಲಾ ಸೇರಿ 68 ಲಕ್ಷ ಅಂದ. "ಲೈಸೆನ್ಸ್ ಕೈಗೆ ಬಂದ ಮೇಲೆ ಮುಂಬೈನಲ್ಲಿ ಆಫ್‌ಶೋರ್ ಕಂಪನಿಗಳು ಕಾಯ್ತಾ ಇರ್ತವೆ ಸರ್" ಅಂತ ಬೇರೆ ಹೇಳಿದ. ಅಷ್ಟು ದುಡ್ಡು ಹೊಂದಿಸಬೇಕಾದರೆ ತೋಟದಲ್ಲಿ ಒಂದು ಭಾಗ ಮಾರಬೇಕು. ಮಾರಲಿಕ್ಕೆ ನಾನು ತಯಾರು, ಆದರೆ ಅವನ ಮಾತು ಯಾಕೋ ಜೀರ್ಣ ಆಗ್ತಿಲ್ಲ.

ಅವಳಿಗೆ ಕನ್ನಡಕ ಇದೆ, ಜಾಸ್ತಿ ನಂಬರ್ ಏನಲ್ಲ. ಈ ಲೈನಿನಲ್ಲಿ ಇದ್ದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಸಮಾಧಾನದ ಮಾತು ಬೇಡ, ಇದ್ದದ್ದು ಇದ್ದ ಹಾಗೆ ಹೇಳಿ.

ಜುಹು_ಹ್ಯಾಂಗರ್

ನಮಸ್ಕಾರ ಹೆಗಡೆಯವರೋ ಭಟ್ಟರೋ, ಯಾರೇ ಆಗಿರಿ. ನಾನು ಕುಂದಾಪುರ ಕಡೆಯವನು. ಜುಹು ಏರೋಡ್ರೋಮಿನಲ್ಲಿ ಹೆಲಿಕಾಪ್ಟರ್ ಮೆಂಟೆನೆನ್ಸ್ ಇಂಜಿನಿಯರ್ ಆಗಿ ಕೆಲಸ ಮಾಡಿ ರಿಟೈರ್ ಆದವನು. ಹಾರಿಸಿದವನಲ್ಲ, ಹಾರುವ ಹಾಗೆ ಇಟ್ಟವನು. ಹಾಗಾಗಿ ಪೈಲಟ್‌ಗಳು ತಮ್ಮ ಬಗ್ಗೆ ಹೇಳದ ಕೆಲವು ವಿಷಯ ನನಗೆ ಗೊತ್ತು.

ಮೊದಲು ಆ ಏಜೆಂಟನ ಮಾತು. ಯಾವ ಆಫ್‌ಶೋರ್ ಕಂಪನಿಯೂ ಹೊಸ ಲೈಸೆನ್ಸಿಗೆ ಕಾಯುತ್ತಾ ಕೂತಿಲ್ಲ. ನಮ್ಮಲ್ಲಿ ಹೆಲಿಕಾಪ್ಟರಿನ ಕಮರ್ಷಿಯಲ್ ಲೈಸೆನ್ಸಿಗೆ 150 ಗಂಟೆ ಹಾರಾಟ ಸಾಕು. ಹೆಚ್ಚಿನ ಮಕ್ಕಳು ಆ 150 ಗಂಟೆಯನ್ನು ರಾಬಿನ್ಸನ್‌ನಂಥ ಒಂದೇ ಇಂಜಿನಿನ ಸಣ್ಣ ಪಿಸ್ಟನ್ ಹೆಲಿಕಾಪ್ಟರಿನಲ್ಲಿ ಮುಗಿಸಿರುತ್ತಾರೆ. ಜುಹುವಿನಿಂದ ಸಮುದ್ರಕ್ಕೆ ಹೋಗುವುದು ಎರಡು ಟರ್ಬೈನ್ ಇಂಜಿನ್, ಇಬ್ಬರು ಪೈಲಟ್, ಡಜನ್ ಪ್ಯಾಸೆಂಜರ್ ಇರುವ ಮಷೀನು. ಡಾಫಿನ್, ಎಡಬ್ಲ್ಯೂ 139, ಎಸ್-76 ಅಂಥವು. ಒಂದೊಂದಕ್ಕೂ ಬೇರೆ ಟೈಪ್ ರೇಟಿಂಗ್, ಅಂದರೆ ಆ ಮಾದರಿಯನ್ನು ಹಾರಿಸುವ ಅನುಮತಿ, ಬೇಕು, ಅದರ ಖರ್ಚು ಬೇರೆ. ಆ 68 ಲಕ್ಷದಲ್ಲಿ ಅದು ಸೇರಿದೆಯಾ ಅಂತ ಕೇಳಿ ನೋಡಿ. ಅವನ ಮುಖ ನೋಡಿದರೆ ಉತ್ತರ ಗೊತ್ತಾಗುತ್ತದೆ.

ಇನ್ನೊಂದು, ಕ್ಯೂ. ವಾಯುಪಡೆ, ನೌಕಾಪಡೆ, ಆರ್ಮಿ, ಕೋಸ್ಟ್ ಗಾರ್ಡ್‌ನಿಂದ ಸಾವಿರಾರು ಗಂಟೆ ಹಾರಿಸಿ ಹೊರಗೆ ಬರುವ ಪೈಲಟ್‌ಗಳು ನಮ್ಮ ದೇಶದಲ್ಲಿ ಬಹಳ. ಸಮುದ್ರದ ಮೇಲೆ ರಾತ್ರಿ, ಮೋಡ, ಮಳೆ ಎಲ್ಲಾ ಕಂಡವರು. ತೈಲ ಕಂಪನಿ ಕಾಂಟ್ರ್ಯಾಕ್ಟ್ ಕೊಡುವಾಗ ಕ್ಯಾಪ್ಟನ್‌ಗೆ ಇಷ್ಟು ಗಂಟೆ, ಕೋ-ಪೈಲಟ್‌ಗೆ ಇಷ್ಟು ಗಂಟೆ ಅಂತ ಬರೆದೇ ಇರುತ್ತದೆ. ಎಡಗಡೆಯ ಕೋ-ಪೈಲಟ್ ಸೀಟಿಗೆ ಕಡಿಮೆ ಗಂಟೆಯವರನ್ನು ತೆಗೆದುಕೊಂಡದ್ದೂ ಇದೆ. ಆದರೆ ಅದು ಯಾವಾಗ ಬರುತ್ತದೆ ಅಂತ ಯಾರೂ ಹೇಳಲಾರರು. ಕೈಯಲ್ಲಿ ಲೈಸೆನ್ಸ್ ಹಿಡಿದುಕೊಂಡು ವರ್ಷಗಟ್ಟಲೆ ಹ್ಯಾಂಗರ್ ಬಾಗಿಲಿಗೆ ಬಂದು ಹೋದ ಹುಡುಗರನ್ನು ನೋಡಿದ್ದೇನೆ. ಅಷ್ಟರಲ್ಲಿ ಹಾರದೆ ಕೂತರೆ ಕೈ ತಪ್ಪುತ್ತದೆ, ಮತ್ತೆ ದುಡ್ಡು ಕೊಟ್ಟು ಗಂಟೆ ಹಾರಬೇಕು, ಮೆಡಿಕಲ್ ನವೀಕರಿಸಬೇಕು. ಸಾಲದ ಬಡ್ಡಿಯಂತೂ ನಿಲ್ಲುವುದಿಲ್ಲ.

ಹಾಗಾದರೆ ಹೊಸಬರು ಎಲ್ಲಿ ಗಂಟೆ ಕೂಡಿಸುತ್ತಾರೆ? ಕೇದಾರನಾಥದ ಯಾತ್ರೆ ಹಾರಾಟ, ವೈಷ್ಣೋದೇವಿಯ ಕಟ್ರಾ-ಸಾಂಝೀಛತ್ ಹಾರಾಟ, ಚುನಾವಣೆ ಸಮಯದ ಚಾರ್ಟರ್. ಕೇದಾರನಾಥದ ದಾರಿಯಲ್ಲೂ ಒಂದು ಸಿರ್ಸಿ ಇದೆ ನೋಡಿ, ಅಲ್ಲೂ ಹೆಲಿಪ್ಯಾಡ್ ಉಂಟು! ಆದರೆ ಆ ಕಣಿವೆ ಹೊಸಬರ ಜಾಗ ಅಲ್ಲ. ಗಳಿಗೆಗೊಂದು ಹವಾಮಾನ, ಒಂದೇ ಇಂಜಿನ್, ದಿನಕ್ಕೆ ಎಷ್ಟು ಸುತ್ತು ಹೊಡೆದೆ ಅನ್ನುವುದರ ಮೇಲೆ ಕಂಪನಿಯ ಕಣ್ಣು. 2025ರ ಜೂನ್ 15ರಂದು ಗೌರಿಕುಂಡದ ಹತ್ತಿರ ಬಿದ್ದ ಹೆಲಿಕಾಪ್ಟರಿನಲ್ಲಿ 7 ಜನ ಹೋದರು. ನನ್ನ ಮಗಳಾಗಿದ್ದರೆ ಗಂಟೆ ಕೂಡಿಸಲು ಅಲ್ಲಿಗೆ ಕಳಿಸುತ್ತಿರಲಿಲ್ಲ. ಇದು ನನ್ನ ಅಭಿಪ್ರಾಯ, ಪೈಲಟ್‌ಗಳು ಜಗಳಕ್ಕೆ ಬಂದರೆ ಬರಲಿ.

ಈಗ ಸಮುದ್ರದ ಕೆಲಸ ಅಂದರೆ ಏನು ಅಂತ ಹೇಳುತ್ತೇನೆ. ಮಗಳಿಗೆ ಓದಿಸಿ.

ಬಾಂಬೆ ಹೈ ಅನ್ನುವ ಸಮುದ್ರದ ತೈಲಕ್ಷೇತ್ರ ಮುಂಬೈಯಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್. 1974ರಲ್ಲಿ ಸಾಗರ್ ಸಮ್ರಾಟ್ ರಿಗ್ ಅಲ್ಲಿ ಎಣ್ಣೆ ಕಂಡಿತು. 1985ರಲ್ಲಿ ಪವನ್ ಹಂಸ್ ಹೆಲಿಕಾಪ್ಟರ್ ಕಂಪನಿ ಹುಟ್ಟಿದ್ದೇ ಮುಖ್ಯವಾಗಿ ಒಎನ್‌ಜಿಸಿಯ ಈ ಕೆಲಸಕ್ಕೆ. ಅಲ್ಲಿನ ಜನ 14 ದಿನ ಪ್ಲಾಟ್‌ಫಾರ್ಮಿನಲ್ಲಿ, 14 ದಿನ ಮನೆಯಲ್ಲಿ. ಅವರನ್ನು ಒಯ್ದು ತರುವುದೇ ದಿನದ ಕೆಲಸ. ಪೂರ್ವ ಕರಾವಳಿಯ ಕೃಷ್ಣಾ-ಗೋದಾವರಿ ಬಾವಿಗಳಿಗೆ ರಾಜಮಂಡ್ರಿಯಿಂದ ಹಾರುತ್ತಾರೆ.

ಬೆಳಿಗ್ಗೆ ಪ್ರತಿಯೊಬ್ಬ ಪ್ಯಾಸೆಂಜರನ್ನೂ ಬ್ಯಾಗ್ ಸಮೇತ ತೂಕ ಮಾಡುತ್ತಾರೆ. ಹೋಗುವಷ್ಟು ಇಂಧನ ತುಂಬಿದರೆ ಸಾಲದು. ಅಲ್ಲಿ ಇಳಿಯಲು ಆಗದಿದ್ದರೆ ವಾಪಸ್ ಬರುವಷ್ಟೂ ಬೇಕು, ಅದರ ಮೇಲೆ ಮೀಸಲು ಬೇಕು. ಗಾಳಿ ಎದುರಿದ್ದರೆ ಇಂಧನ ಏರುತ್ತದೆ, ಇಂಧನ ಏರಿದರೆ ಒಬ್ಬ ಪ್ಯಾಸೆಂಜರ್ ಇಳಿಯಬೇಕು. ಮನೆಗೆ ಹೋಗಲು ಬ್ಯಾಗ್ ಕಟ್ಟಿ ಅಲ್ಲಿ ಕಾಯುತ್ತಿರುವವನ ಬದಲಿ ಇವನೇ ಆಗಿದ್ದರೆ ಇಬ್ಬರ ಬೈಗುಳವೂ ಪೈಲಟ್‌ಗೆ. ಸುಮಾರು ಮುಕ್ಕಾಲು ಗಂಟೆ ಹಾರಿದ ಮೇಲೆ ಇಳಿಯುವ ಜಾಗ ಒಂದು ಸಣ್ಣ ಕಬ್ಬಿಣದ ಡೆಕ್. ಒಂದು ಪಕ್ಕ ಕ್ರೇನ್, ಇನ್ನೊಂದು ಪಕ್ಕ ಉರಿಯುವ ಫ್ಲೇರ್, ಅಂದರೆ ಬೇಡದ ಗ್ಯಾಸ್ ಸುಡುವ ಬೆಂಕಿ. ಅದರ ಬಿಸಿ ಗಾಳಿಗೆ ಸಿಕ್ಕರೆ ಇಂಜಿನಿನ ಶಕ್ತಿ ಇಳಿಯುತ್ತದೆ, ಡೆಕ್ ಮೇಲಿನ ಗಾಳಿಯೂ ಸುಳಿಯುತ್ತದೆ. ರೋಟರ್ ನಿಲ್ಲಿಸದೆಯೇ ಜನ ಇಳಿದು ಜನ ಹತ್ತುತ್ತಾರೆ. ಆಮೇಲೆ ಮುಂದಿನ ಡೆಕ್. ಕೆಲವು ದಿನ ಹೀಗೆ ಒಂದರ ಹಿಂದೆ ಒಂದು, ಬಸ್ ಕಂಡಕ್ಟರ್ ಕೆಲಸದ ಹಾಗೆ. ವಿಡಿಯೋದಲ್ಲಿ ಇದನ್ನೆಲ್ಲ ತೋರಿಸುವುದಿಲ್ಲ.

ಸಂಜೆ ವಾಪಸ್ ಬಂದ ಮೇಲೆ ನಮ್ಮ ಪಾಳಿ. ಉಪ್ಪು ಗಾಳಿ ಇಂಜಿನನ್ನು ತಿನ್ನುತ್ತದೆ, ಹಾಗಾಗಿ ಶುದ್ಧ ನೀರಿನಿಂದ ಕಂಪ್ರೆಸರ್ ತೊಳೆಯಬೇಕು. ಕಂಪನದ ದಾಖಲೆ ಇಳಿಸಿಕೊಂಡು ನೋಡಬೇಕು. ಗೇರ್‌ಬಾಕ್ಸಿನ ಚಿಪ್ ಡಿಟೆಕ್ಟರ್ ಬಿಚ್ಚಿ ಅದರ ಅಯಸ್ಕಾಂತಕ್ಕೆ ಲೋಹದ ಚೂರು ಅಂಟಿದೆಯಾ ನೋಡಬೇಕು. ಇಷ್ಟೆಲ್ಲ ಇದ್ದೂ 2016ರ ಏಪ್ರಿಲ್ 29ರಂದು ನಾರ್ವೆಯ ಟೂರೋಯ್‌ನಲ್ಲಿ ಒಂದು ಸೂಪರ್ ಪ್ಯೂಮಾ ಹೆಲಿಕಾಪ್ಟರಿನ ಗೇರ್‌ಬಾಕ್ಸಿನೊಳಗಿನ ಹಲ್ಲುಚಕ್ರ ಬಿರುಕು ಬಿಟ್ಟು, ರೋಟರ್ರೇ ಕಳಚಿ ಹೋಯಿತು. 13 ಜನ ಸತ್ತರು. ಮುನ್ಸೂಚನೆಯೇ ಬಂದಿರಲಿಲ್ಲ. ಆ ವರದಿ ಓದಿದ ಮೇಲೆ ಚಿಪ್ ಡಿಟೆಕ್ಟರ್ ನೋಡುವಾಗ ನನ್ನ ಬೆರಳು ನಿಧಾನ ಆಯಿತು.

ನಮ್ಮ ಕಡೆಯೂ ಆಗಿದೆ, ಮುಚ್ಚಿಡುವುದು ಸರಿಯಲ್ಲ. 2003ರ ಆಗಸ್ಟಿನಲ್ಲಿ ಮುಂಬೈ ಸಮುದ್ರದಲ್ಲಿ ಎಂಐ-172 ಹೆಲಿಕಾಪ್ಟರ್ ಬಿದ್ದು 27 ಜನ ಸತ್ತರು. 2018ರ ಜನವರಿಯಲ್ಲಿ ಡಾಫಿನ್, ಅದರಲ್ಲಿದ್ದ 7 ಜನರೂ ಸತ್ತರು. 2022ರ ಜೂನ್ 28ರಂದು ಸಾಗರ್ ಕಿರಣ್ ರಿಗ್ ಹತ್ತಿರ ಎಸ್-76 ನೀರಿಗಿಳಿಯಿತು. 9 ಜನರಲ್ಲಿ 5 ಜನ ಉಳಿದರು.

ಕೊನೆಗೆ ಇನ್ನೊಂದು ದಾರಿ. ಅವಳಿಗೆ ಹೆಲಿಕಾಪ್ಟರೇ ಮುಖ್ಯ ಆದರೆ ನನ್ನ ಕೆಲಸವೂ ಇದೆ. ಫಿಸಿಕ್ಸ್-ಮ್ಯಾಥ್ಸ್ ಪಿಯುಸಿ ಸಾಕು. ಟರ್ಬೈನ್ ಹೆಲಿಕಾಪ್ಟರಿಗೆ ಬಿ 1.3 ಲೈಸೆನ್ಸ್, ಏವಿಯಾನಿಕ್ಸ್‌ಗೆ, ಅಂದರೆ ಅದರ ಎಲೆಕ್ಟ್ರಾನಿಕ್ಸ್‌ಗೆ, ಬಿ 2. ಇದಕ್ಕೆ ತೋಟ ಮಾರಬೇಕಾಗಿಲ್ಲ. ಹೆಣ್ಣುಮಕ್ಕಳು ಹ್ಯಾಂಗರಿಗೆ ಬಂದು ಎಷ್ಟೋ ಕಾಲ ಆಯಿತು.

ಸೀಕಿಂಗ್_ಕಾರವಾರ

ಜುಹು ಅಣ್ಣ ಹೇಳಿದ್ದು ಸರಿ. ರಕ್ಷಣೆಯ ಕೆಲಸದ ಬಗ್ಗೆ ನಾನು ಸೇರಿಸುತ್ತೇನೆ. ನಾನು ನೇವಿಯಲ್ಲಿ ಏರ್‌ಕ್ರೂ ಆಗಿದ್ದವನು. ಬಾಗಿಲಲ್ಲಿ ಮಂಡಿಯೂರಿ ವಿಂಚ್, ಅಂದರೆ ಹಗ್ಗ ಇಳಿಸಿ ಎತ್ತುವ ಯಂತ್ರ, ನಡೆಸುವ ಕೆಲಸ.

ನಮ್ಮ ದೇಶದಲ್ಲಿ ಸಮುದ್ರದ ಮೇಲೆ ಹುಡುಕಿ ಎತ್ತುವ ಕೆಲಸ ಖಾಸಗಿಯವರದ್ದಲ್ಲ. ಅದನ್ನು ನಡೆಸುವುದು ಕೋಸ್ಟ್ ಗಾರ್ಡ್, ಜೊತೆಗೆ ನೇವಿ. ಮೀನುಗಾರರು 1554ಕ್ಕೆ ಫೋನ್ ಮಾಡಿದರೆ ಹೋಗುವುದು ಅಲ್ಲಿಗೇ. ಖಾಸಗಿ ಕಂಪನಿಯಲ್ಲಿ ವಿಂಚ್ ಪೈಲಟ್ ಆಗುತ್ತೇನೆ ಅಂದರೆ ಇಲ್ಲಿ ಆ ಕುರ್ಚಿಯೇ ಇಲ್ಲ. ನೆಲದ ಮೇಲೆ ಹತ್ತಿರದ್ದು ಅಂದರೆ ಏಮ್ಸ್ ಋಷಿಕೇಶದ ಹೆಲಿ ಆಂಬುಲೆನ್ಸ್. 2024ರ ಅಕ್ಟೋಬರಿನಲ್ಲಿ ಶುರುವಾಯಿತು.

ಹಾಗಾಗಿ ರಕ್ಷಣೆಯೇ ಅವಳ ಆಸೆಯಾದರೆ ಡಿಗ್ರಿ ಮಾಡಿಸಿ, ಆ ವರ್ಷ ಮಹಿಳೆಯರನ್ನು ಕರೆದಿದ್ದರೆ ಕೋಸ್ಟ್ ಗಾರ್ಡ್ ಅಸಿಸ್ಟೆಂಟ್ ಕಮಾಂಡೆಂಟ್ ಪರೀಕ್ಷೆ ಬರೆಸಿ. ಮಹಿಳಾ ಪೈಲಟ್‌ಗಳು ಅಲ್ಲಿದ್ದಾರೆ. ಹಾರುವುದನ್ನು ಸರ್ಕಾರವೇ ಕಲಿಸುತ್ತದೆ, ಅರಕ್ಕೋಣದ ಐಎನ್‌ಎಸ್ ರಾಜಾಳಿಯಲ್ಲಿ. ನಿಮ್ಮ ಒಂದು ಅಡಿಕೆ ಮರವೂ ಹೋಗುವುದಿಲ್ಲ. ತೊಡಕು ಕಣ್ಣಿನದು. ಸಿವಿಲ್ ಲೈಸೆನ್ಸಿಗೆ ಕನ್ನಡಕ ನಡೆಯುತ್ತದೆ, ಕನ್ನಡಕ ಹಾಕಿ ಸರಿಯಾಗಿ ಕಂಡರೆ ಸಾಕು. ಪಡೆಗಳ ಪೈಲಟ್ ಹುದ್ದೆಗೆ ನಿಯಮ ಬಹಳ ಬಿಗಿ. ಆ ವರ್ಷದ ಅಧಿಸೂಚನೆ ಹಿಡಿದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಅಪಾಯ ಇಲ್ಲಿಯೂ ಇದೆ. 2024ರ ಸೆಪ್ಟೆಂಬರ್ 2ರ ರಾತ್ರಿ ಪೋರಬಂದರ್ ಹತ್ತಿರ ಹರಿ ಲೀಲಾ ಅನ್ನುವ ಟ್ಯಾಂಕರಿನಿಂದ ಗಾಯಾಳುವನ್ನು ತರಲು ಹೋದ ಕೋಸ್ಟ್ ಗಾರ್ಡಿನ ಧ್ರುವ್ ಹೆಲಿಕಾಪ್ಟರ್ ಸಮುದ್ರಕ್ಕೆ ಬಿತ್ತು. ನಾಲ್ವರಲ್ಲಿ ಒಬ್ಬ ಡೈವರ್ ಮಾತ್ರ ಬದುಕಿದ. ರಾತ್ರಿ ಕಪ್ಪು ನೀರಿನ ಮೇಲೆ ನಿಂತಲ್ಲೇ ನಿಲ್ಲುವುದಿದೆಯಲ್ಲ, ಅದರಷ್ಟು ಕಷ್ಟದ್ದು ಇನ್ನೊಂದಿಲ್ಲ. ದಿಗಂತ ಕಾಣುವುದಿಲ್ಲ. ಕೆಳಗಿನ ಡೆಕ್ ಏರುತ್ತದೆ, ಇಳಿಯುತ್ತದೆ, ವಾಲುತ್ತದೆ. ನೇರ ಕೆಳಗಿರುವುದು ಪೈಲಟ್‌ಗೆ ಕಾಣಿಸುವುದೇ ಇಲ್ಲ. "ಮುಂದೆ ಹತ್ತು, ಬಲಕ್ಕೆ ಐದು, ನಿಲ್ಲು" ಅಂತ ನಾವು ಹೇಳಬೇಕು. ನಮ್ಮ ದನಿಯಲ್ಲಿ ಗಾಬರಿ ಬಂದರೆ ಮುಂದೆ ಕೂತವರ ಕೈಗೂ ಬರುತ್ತದೆ.

ಇನ್ನೊಂದು ವಿಷಯ ಮಗಳಿಗೆ ಹೇಳಿ. 2005ರ ಜುಲೈ 27, ಮುಂಬೈ ಮುಳುಗಿದ ಮಾರನೇ ದಿನ. ಬಾಂಬೆ ಹೈಯಲ್ಲಿ ಒಬ್ಬ ಅಡುಗೆಯವನ ಬೆರಳಿಗೆ ಪೆಟ್ಟಾಗಿತ್ತು. ಆ ಹವೆಯಲ್ಲಿ ಹೆಲಿಕಾಪ್ಟರ್ ಬರುವಂತಿರಲಿಲ್ಲ. ಸಮುದ್ರ ಸುರಕ್ಷಾ ಅನ್ನುವ ಹಡಗಿನಿಂದ ಅವನನ್ನು ಬಾಸ್ಕೆಟಿನಲ್ಲಿ ಪ್ಲಾಟ್‌ಫಾರ್ಮಿಗೆ ದಾಟಿಸಿದರು. ಆಗ ಹಡಗು ಗ್ಯಾಸ್ ಪೈಪಿಗೆ ಬಡಿದು ಪ್ಲಾಟ್‌ಫಾರ್ಮೇ ಸುಟ್ಟು ಹೋಯಿತು. 362 ಜನರನ್ನು ಉಳಿಸಿದರು, 22 ಜನ ಹೋದರು. ಹೆಲಿಕಾಪ್ಟರ್ ಬರದ ದಿನವೇ ಅದು ಎಷ್ಟು ಬೇಕಿತ್ತು ಅಂತ ಗೊತ್ತಾಗುವುದು. ಆದರೂ ಅಂಥ ಹವೆಯಲ್ಲಿ ಹೋಗದೆ ಇರುವ ಧೈರ್ಯವೂ ಪೈಲಟ್‌ಗೆ ಬೇಕು.

ಅಬರ್ಡೀನ್_ದಾವಣಗೆರೆ

ನಾನು ಪೈಲಟ್ ಅಲ್ಲ, ಬ್ರಿಟನ್ನಿನಲ್ಲಿದ್ದು ನಾರ್ತ್ ಸೀ ತೈಲ ಪ್ಲಾಟ್‌ಫಾರ್ಮುಗಳಿಗೆ ಹೆಲಿಕಾಪ್ಟರಿನಲ್ಲಿ ಹೋಗಿಬರುವ ಪ್ರೋಸೆಸ್ ಇಂಜಿನಿಯರ್. ಹಿಂದಿನ ಸೀಟಿನಿಂದ ಕಂಡದ್ದು ಹೇಳುತ್ತೇನೆ. ಅಂಕಲ್, ನಿಮ್ಮ ಮಗಳು ನೋಡಿದ ವಿಡಿಯೋಗಳು ಬಹುಶಃ ಇಲ್ಲಿಯವೇ. ಇಲ್ಲಿ ರಕ್ಷಣೆಯ ಕೆಲಸ ನಿಜವಾಗಿಯೂ ಸಿವಿಲಿಯನ್. ಮೊದಲು ಹೆಚ್ಚಾಗಿ ಅವರ ವಾಯುಪಡೆ ಮತ್ತು ನೌಕಾಪಡೆ ಮಾಡುತ್ತಿದ್ದವು. 2013ರಲ್ಲಿ ಬ್ರಿಸ್ಟೋ ಕಂಪನಿಗೆ ಕಾಂಟ್ರ್ಯಾಕ್ಟ್ ಆಯಿತು, 2015ರಿಂದ ಒಂದೊಂದಾಗಿ 10 ನೆಲೆಗಳನ್ನು ಅವರು ವಹಿಸಿಕೊಂಡರು. ಒಂದು ಹೆಲಿಕಾಪ್ಟರಿಗೆ ನಾಲ್ವರು: ಇಬ್ಬರು ಪೈಲಟ್, ಒಬ್ಬ ವಿಂಚ್ ಆಪರೇಟರ್, ಹಗ್ಗದಲ್ಲಿ ಇಳಿಯುವ ವಿಂಚ್‌ಮ್ಯಾನ್. ಕರೆ ಬಂದರೆ ಹಗಲಲ್ಲಿ 15 ನಿಮಿಷ, ರಾತ್ರಿ 45 ನಿಮಿಷದೊಳಗೆ ಹೊರಡಬೇಕು.

ಆದರೆ ಆ ಸೀಟುಗಳಿಗೆ ಬಂದವರಲ್ಲಿ ತುಂಬಾ ಜನ ಅದೇ ಪಡೆಗಳಿಂದ ಬಂದವರು. ಭಾರತದ ಲೈಸೆನ್ಸ್ ತಂದು ಇಲ್ಲಿ ಹಾರಲು ಆಗುವುದಿಲ್ಲ. ಇಲ್ಲಿನ ಥಿಯರಿ ಪರೀಕ್ಷೆ, ಹಾರಾಟದ ಪರೀಕ್ಷೆ ಎಲ್ಲಾ ಬರೆಯಬೇಕು, ಕೆಲಸ ಮಾಡುವ ಹಕ್ಕು ಬೇರೆ ಬೇಕು. "ಅಲ್ಲಿ ಹೋಗಿ ಸೆಟ್ಲ್ ಆಗಬಹುದು" ಅಂತ ಯಾರಾದರೂ ಹೇಳಿದರೆ ಆ ಖರ್ಚನ್ನೂ ಬರೆದು ಕೊಡಿ ಅನ್ನಿ.

ಹೆಲಿಕಾಪ್ಟರ್ ಹತ್ತುವ ಮೊದಲು ನಮಗೆಲ್ಲ ತರಬೇತಿ ಆಗಿರಬೇಕು. ಈಜುಕೊಳದಲ್ಲಿ ಹೆಲಿಕಾಪ್ಟರಿನ ಡಬ್ಬಿ ಇಳಿಸಿ ತಲೆಕೆಳಗು ಮಾಡುತ್ತಾರೆ. ಮೂಗಿಗೆ ನೀರು ನುಗ್ಗುತ್ತದೆ, ಯಾವ ಕಡೆ ಮೇಲೆ ಅಂತಲೇ ಗೊತ್ತಾಗುವುದಿಲ್ಲ. ಒಂದು ಕೈ ಕಿಟಕಿಯ ಅಂಚಿನಲ್ಲಿ ಇಟ್ಟುಕೊಂಡೇ ಇರಬೇಕು, ಆ ಕೈ ಬಿಟ್ಟರೆ ದಾರಿ ತಪ್ಪಿತು ಅಂತ. ನಾಲ್ಕು ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು. ನನಗೆ ಪ್ರತಿ ಸಲವೂ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ನೀರಿನ ಭಯ ಇದೆಯಾ ಅಂತ ಮಗಳನ್ನು ಈಗಲೇ ಕೇಳಿ. ಈಜು ಬರುವುದು ಬೇರೆ, ನೀರೊಳಗೆ ತಲೆಕೆಳಗಾಗಿ ಬೆಲ್ಟ್ ಬಿಚ್ಚುವುದು ಬೇರೆ.

2013ರ ಆಗಸ್ಟಿನಲ್ಲಿ ಶೆಟ್ಲ್ಯಾಂಡಿನ ಸಂಬರ್ಗ್ ಹತ್ತಿರ ಹೆಲಿಕಾಪ್ಟರ್ ಬಿದ್ದು 4 ಜನ ಹೋದ ಮೇಲೆ ನಿಯಮ ಬಹಳ ಬದಲಾಯಿತು. ಈಗ ಎಲ್ಲರಿಗೂ ಉಸಿರಾಡಲು ಸಣ್ಣ ಗಾಳಿ ಸಿಲಿಂಡರ್ ಕೊಡುತ್ತಾರೆ. ಭುಜದ ಅಳತೆಯನ್ನೂ ತೆಗೆಯುತ್ತಾರೆ! 22 ಇಂಚಿಗಿಂತ ಅಗಲ ಇದ್ದವರಿಗೆ ದೊಡ್ಡ ಕಿಟಕಿಯ ಪಕ್ಕದ ಸೀಟೇ. ನಮ್ಮ ಜೊತೆಯ ಒಬ್ಬ ಸ್ಕಾಟಿಷ್ ದಾಂಡಿಗ ಇದನ್ನೇ ದೊಡ್ಡಸ್ತಿಕೆ ಅಂತ ಹೇಳಿಕೊಂಡು ತಿರುಗುತ್ತಾನೆ. ಸಮುದ್ರ ಮಿತಿ ಮೀರಿ ಎದ್ದಿದ್ದರೆ ಹೆಲಿಕಾಪ್ಟರ್ ಹೊರಡುವುದೇ ಇಲ್ಲ. ಆಗ ನಾವು ಹೆಲಿಪೋರ್ಟಿನಲ್ಲಿ ಕಾಫಿ ಕುಡಿಯುತ್ತಾ ಕೂತಿರುತ್ತೇವೆ, ಕೆಲವೊಮ್ಮೆ ಇಡೀ ದಿನ.

ತೋಟದಮನೆ_ಸಿರ್ಸಿ

ಎಲ್ಲರಿಗೂ ತುಂಬಾ ಧನ್ಯವಾದ. ಮಗಳು ಎಲ್ಲವನ್ನೂ ಓದಿದಳು. ಏಜೆಂಟ್‌ಗೆ ಫೋನ್ ಮಾಡಿ ಟೈಪ್ ರೇಟಿಂಗ್ ಸೇರಿದೆಯಾ ಅಂತ ಅವಳೇ ಕೇಳಿದಳು. "ಅದು ಕಂಪನಿ ನೋಡಿಕೊಳ್ಳುತ್ತದೆ ಮ್ಯಾಡಂ" ಅಂದನಂತೆ. ಯಾವ ಕಂಪನಿ ಅಂದದ್ದಕ್ಕೆ ಲೈನ್ ಕಟ್ ಆಯಿತು.

ಮೆಂಟೆನೆನ್ಸ್ ಬೇಡವಂತೆ, ಹಾರಬೇಕಂತೆ. ಕೋಸ್ಟ್ ಗಾರ್ಡ್ ವಿಷಯ ಹೇಳಿದಾಗ ಕಣ್ಣಿನ ಮಾತಿಗೆ ಸ್ವಲ್ಪ ಸಪ್ಪಗಾದಳು. ಜುಹು ಅಣ್ಣ, ನಾವು ಈಗ ಮೊದಲು ಏನು ಮಾಡಬೇಕು? ಒಂದು ರೂಪಾಯಿ ಕೊಡುವ ಮೊದಲು ಮಾಡುವಂಥದ್ದು ಏನಾದರೂ ಇದೆಯಾ?

ಜುಹು_ಹ್ಯಾಂಗರ್

ಇದೆ. ಮೆಡಿಕಲ್. ಯಾವ ಶಾಲೆಗೂ ಅಡ್ವಾನ್ಸ್ ಕೊಡುವ ಮೊದಲು ಅದು ಮುಗಿಯಬೇಕು. ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ಒಪ್ಪಿದ ಡಾಕ್ಟರ ಹತ್ತಿರ ಮೊದಲು ಕ್ಲಾಸ್ ಟು, ಆಮೇಲೆ ಕ್ಲಾಸ್ ಒನ್. ಕ್ಲಾಸ್ ಒನ್ ಮಾಡುವ ಜಾಗಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ, ಹಳೇ ಏರ್‌ಪೋರ್ಟ್ ಕಡೆಯ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್. ಕಣ್ಣು, ಕಿವಿ, ಹೃದಯ, ಬಣ್ಣ ಗುರುತಿಸುವುದು ಎಲ್ಲಾ ನೋಡುತ್ತಾರೆ. ಲಕ್ಷಗಟ್ಟಲೆ ಕಟ್ಟಿದ ಮೇಲೆ ಬಣ್ಣಗುರುಡು ಅಂತ ಗೊತ್ತಾದವರು ಇದ್ದಾರೆ.

ಎರಡನೆಯದು, ಪರೀಕ್ಷೆಗಳು. ನ್ಯಾವಿಗೇಷನ್, ಹವಾಮಾನ, ನಿಯಮಗಳು, ಟೆಕ್ನಿಕಲ್, ಆಮೇಲೆ ರೇಡಿಯೋದ ಆರ್‌ಟಿಆರ್. ಹಾರುವ ಮೊದಲೇ ಓದಿ ಬರೆಯಬಹುದು. ಪುಸ್ತಕದ ದುಡ್ಡು, ಬೇಕಾದರೆ ಕೋಚಿಂಗ್ ದುಡ್ಡು, ಅಷ್ಟೇ. ಡಿಗ್ರಿ ಮಾಡುತ್ತಲೇ ಓದಲಿ. ಇದರಿಂದ ಕೋಸ್ಟ್ ಗಾರ್ಡ್ ಬಾಗಿಲೂ ತೆರೆದೇ ಇರುತ್ತದೆ. ಕಣ್ಣು ಅಲ್ಲಿಗೆ ಆಗುತ್ತದೋ ಇಲ್ಲವೋ ಅಷ್ಟರಲ್ಲಿ ತಿಳಿಯುತ್ತದೆ. ಸೀಕಿಂಗ್ ಹೇಳಿದ ದಾರಿಯೇ ನನಗೂ ಮೊದಲ ಆಯ್ಕೆ. ಇಪ್ಪತ್ತು ವರ್ಷ ಬಿಟ್ಟು ಜುಹುವಿನಲ್ಲಿ ಕ್ಯಾಪ್ಟನ್ ಸೀಟಿಗೆ ಬರುವವರು ಹೆಚ್ಚಾಗಿ ಅಲ್ಲಿಂದಲೇ ಬರುವುದು, ಗಂಟೆಯೂ ಇರುತ್ತದೆ, ಸಾಲವೂ ಇರುವುದಿಲ್ಲ.

ಸಿವಿಲ್ ದಾರಿಯೇ ಆಗುವುದಾದರೆ ಶಾಲೆಗೆ ಹೋಗಿ ಎರಡು ವಿಷಯ ಕೇಳಿ. ಈಗ ಎಷ್ಟು ಹೆಲಿಕಾಪ್ಟರ್ ಹಾರುವ ಸ್ಥಿತಿಯಲ್ಲಿವೆ? ಹಿಂದಿನ ಬ್ಯಾಚಿನ ಮಕ್ಕಳು ಎಲ್ಲಿದ್ದಾರೆ, ಅವರ ಫೋನ್ ನಂಬರ್ ಕೊಡುತ್ತೀರಾ? ಬ್ರೋಷರ್ ನೋಡಬೇಡಿ, ಹ್ಯಾಂಗರ್ ನೋಡಿ. ಮಷೀನಿನ ಕೆಳಗೆ ಎಣ್ಣೆ ಹಿಡಿಯಲು ತಗಡು ಇಟ್ಟಿದ್ದರೆ, ಟೈರ್ ಗಾಳಿ ಇಳಿದು ಧೂಳು ಕೂತಿದ್ದರೆ ನೀವೇ ಅರ್ಥ ಮಾಡಿಕೊಳ್ಳಿ. ಗಂಟೆಗೆ ದುಡ್ಡು ಕಟ್ಟಿ, ಪೂರ್ತಿ ಒಟ್ಟಿಗೆ ಕಟ್ಟಬೇಡಿ. ಅರ್ಧದಲ್ಲಿ ಬಾಗಿಲು ಹಾಕಿದ ಶಾಲೆಯಿಂದ ದುಡ್ಡು ವಾಪಸ್ ತೆಗೆಯಲು ಅಲೆದವರು ಬಹಳ ಜನ.

ಬೆಂಗಳೂರಿಗೆ ಮೆಡಿಕಲ್‌ಗೆ ಹೋಗುವಾಗ ಅವಳ ಹಳೇ ಕನ್ನಡಕದ ಚೀಟಿಗಳನ್ನೆಲ್ಲ ತೆಗೆದುಕೊಂಡು ಹೋಗಿ. ನಂಬರ್ ವರ್ಷ ವರ್ಷ ಏರುತ್ತಿದೆಯಾ, ನಿಂತಿದೆಯಾ ಅಂತ ಕೇಳುತ್ತಾರೆ.